ದೋಣಿ ಚೆನ್ನವ್ವನ ಕೊನೆಯ ರೀಲು

ಗದಗಿನ ಸೋಮಲಿಂಗಪ್ಪ ಸುಳ್ಳುಗಾರ ಎಂದರೆ ತಪ್ಪಾದೀತು. ಒಣ ರೊಟ್ಟಿಯಂಥ ನಿಜವನ್ನು ಹಾಗೇ ಎದುರಿಗಿಟ್ಟರೆ ಯಾರ ಗಂಟಲಲ್ಲೂ ಇಳಿಯುವುದಿಲ್ಲ ಎಂದು ಅದಕ್ಕಿಷ್ಟು ಬೆಣ್ಣೆ ಸವರಿ ಕೊಡುತ್ತಿದ್ದ, ಅಷ್ಟೇ. ಕೆಲವು ಸಲ ಬೆಣ್ಣೆಯೇ ಎರಡು ಬೆರಳು ದಪ್ಪವಾಗಿ, ಒಳಗೆ ರೊಟ್ಟಿ ಇದೆಯೋ ಇಲ್ಲವೋ ಎಂದು ಹುಡುಕಬೇಕಾಗುತ್ತಿತ್ತು, ಆ ಮಾತು ಬೇರೆ.

ಗದಗಿನ ಗಾಳಿಯ ಸಂಗತಿಯನ್ನೇ ತೆಗೆದುಕೊಳ್ಳಿ. ಅವನ ಕಾಕಾ ಒಮ್ಮೆ ಸೈಕಲ್ ಮೇಲೆ ಮುಳಗುಂದಕ್ಕೆ ಹೊರಟಾಗ ತಲೆಯ ಟೊಪ್ಪಿಗೆ ಹಾರಿತಂತೆ. ಕಾಕಾ ಬೆವರು ಸುರಿಸುತ್ತ ಮುಳಗುಂದ ಮುಟ್ಟುವ ಹೊತ್ತಿಗೆ ಟೊಪ್ಪಿಗೆ ಅಲ್ಲಿಯ ಚಾದಂಗಡಿಯ ಗೂಟಕ್ಕೆ ಆರಾಮಾಗಿ ನೇತುಬಿದ್ದಿತ್ತು. ಅಂಗಡಿಯವನು, "ಇದು ಮುಂಜಾನೇನ ಬಂದೈತ್ರೀ, ನಿಮಗ್ಯಾಕ ಇಷ್ಟ ತಡಾ ಆತು?" ಎಂದು ಕೇಳಿದನಂತೆ. ಈ ಕಥೆಯನ್ನು ಸೋಮಲಿಂಗಪ್ಪ ಮೇರಿಲ್ಯಾಂಡಿನ ಕನ್ನಡ ಸಂಘದ ಪ್ರತಿ ಪಿಕ್‌ನಿಕ್ಕಿನಲ್ಲೂ ಹೇಳುತ್ತಿದ್ದ. ವರ್ಷ ಹೋದಂತೆ ಟೊಪ್ಪಿಗೆ ಇನ್ನೂ ದೂರ ಹಾರತೊಡಗಿತು. ತೊಂಬತ್ತಾರರ ಹೊತ್ತಿಗೆ ಅದು ಲಕ್ಷ್ಮೇಶ್ವರ ದಾಟಿತ್ತು.

ಆದರೆ ಕೆಲಸದ ವಿಷಯದಲ್ಲಿ ಈ ಮನುಷ್ಯ ಒಂದು ಅಕ್ಷರ ಸುಳ್ಳು ಬರೆದವನಲ್ಲ. ಅರವತ್ತೇಳರಲ್ಲಿ ಅಮೆರಿಕಕ್ಕೆ ಬಂದವನು ಕೌಂಟಿಯ ಸೇತುವೆಗಳ ತಪಾಸಣೆಯ ಕೆಲಸಕ್ಕೆ ಸೇರಿ ಅಲ್ಲೇ ಕೂದಲು ಹಣ್ಣು ಮಾಡಿಕೊಂಡಿದ್ದ. ಸೇತುವೆಯ ಕೆಳಗಿಳಿದು ಕಾಂಕ್ರೀಟಿಗೆ ಸುತ್ತಿಗೆಯಿಂದ ಬಡಿದು ಕಿವಿಗೊಡುವುದು ಅವನ ದಿನದ ಕಸುಬು. ಗಟ್ಟಿ ಇದ್ದರೆ ಟಣ್ ಎನ್ನುತ್ತದೆ, ಒಳಗೆ ಪೊಳ್ಳಾಗಿದ್ದರೆ ಡಬ್ ಎನ್ನುತ್ತದೆ. ಡಬ್ ಎಂದ ಕಡೆ ಸೀಮೆಸುಣ್ಣದಿಂದ ಗೆರೆ ಎಳೆದು ಬರುತ್ತಿದ್ದ. ಅವನ ಸ್ವಂತ ಬದುಕಿನಲ್ಲಿ ಡಬ್ ಎನ್ನುವ ಜಾಗ ಒಂದೇ ಇತ್ತು. ಅಲ್ಲಿಗೆ ಮಾತ್ರ ಅವನು ಸುತ್ತಿಗೆ ಒಯ್ಯುತ್ತಿರಲಿಲ್ಲ.

ಆ ಜಾಗ ತೊಂಬತ್ತಾರರ ಜೂನ್ ತಿಂಗಳಲ್ಲಿ ತಾನೇ ವಿಮಾನ ಹತ್ತಿ ರಾಕ್‌ವಿಲ್‌ನ ಅವನ ಮನೆಗೆ ಬಂತು. ಅವನ ಅಕ್ಕ ಶಾಂತವ್ವ. ಗದಗಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದವಳು. ಐವತ್ತೆಂಟು ವಯಸ್ಸು, ನೆಟ್ಟಗಿನ ಬೆನ್ನು, ಕೈತುಂಬ ಹಸಿರು ಬಳೆ, ಹಣೆಯ ಮೇಲೆ ಕಾಸಗಲ ಕುಂಕುಮ. ಆ ಕುಂಕುಮವನ್ನು ನೋಡಿದಾಗಲೆಲ್ಲ ಸೋಮಲಿಂಗಪ್ಪನ ಎದೆಯೊಳಗೆ ಡಬ್ ಎಂದು ಸದ್ದಾಗುತ್ತಿತ್ತು. ಅದನ್ನು ಮೂವತ್ತನಾಲ್ಕು ವರ್ಷ ಅಲ್ಲಿ ಉಳಿಸಿದವನು ತಾನು, ತನ್ನದೊಂದು ಸುಳ್ಳು, ಎಂದು ಅವನು ತಿಳಿದಿದ್ದ.

ಸಂಗತಿ ಶುರುವಾದದ್ದು ಐವತ್ತಾರರಲ್ಲಿ. ಆಗ ಚೀನಾದವರೂ ನಾವೂ ಅಣ್ಣತಮ್ಮಂದಿರು ಎಂದು ಊರೂರಲ್ಲಿ ಭಾಷಣ ನಡೆಯುತ್ತಿದ್ದ ಕಾಲ. ಯಾರೋ ಸ್ನೇಹಸಂಘದವರು ಗದಗಿನ ಹತ್ತಿ ಜಿನ್ನಿನ ಬಯಲಲ್ಲಿ ಬಿಳಿ ಪರದೆ ಕಟ್ಟಿ ಒಂದು ಚೀನೀ ಸಿನಿಮಾ ತೋರಿಸಿದರು. ಜಪಾನಿನ ಸೈನ್ಯ ಹಳ್ಳಿಗಳಿಗೆ ನುಗ್ಗಿದಾಗ ರೈತರು ಎದುರು ನಿಂತ ಕಥೆ. ಒಬ್ಬ ದೋಣಿ ನಡೆಸುವ ಹೆಣ್ಣುಮಗಳು, ಗುಡ್ಡ ಸೇರಿ ಶತ್ರುವಿನ ಜೊತೆ ಕಾದಾಡುವ ಅವಳ ಗಂಡ. ಹೆಣ್ಣುಮಕ್ಕಳನ್ನು ಮನೆಯವರು ಕಳಿಸಲಿಲ್ಲ. ಹದಿನಾರರ ಸೋಮಲಿಂಗ ಹೋದ. ಮುಂದೆ ಜಾಗ ಸಿಗದೆ ಪರದೆಯ ಹಿಂದೆ ಪೇರಿಸಿಟ್ಟಿದ್ದ ಹತ್ತಿಯ ಅಂಡಿಗೆಗಳ ಮೇಲೆ ಹತ್ತಿ ಕುಳಿತ. ಹಿಂದಿನಿಂದ ನೋಡಿದ್ದರಿಂದ ಎಡ ಬಲವಾಗಿ, ಬಲ ಎಡವಾಗಿ, ಚೀನಾ ದೇಶದವರೆಲ್ಲ ಎಡಚರು ಎಂದೇ ಅವನಿಗನ್ನಿಸಿತು. ಹತ್ತಿ ಮೆತ್ತಗಿತ್ತು, ಬೆಚ್ಚಗಿತ್ತು. ಹಗಲೆಲ್ಲ ಈಜಿ ದಣಿದಿದ್ದ ಹುಡುಗ. ಪರದೆಯ ಮೇಲೆ ಬಾತುಕೋಳಿಗಳ ಹಿಂಡೊಂದು ನದಿ ದಾಟುತ್ತಿದ್ದುದನ್ನು ನೋಡಿದ್ದೇ ಕಡೆ, ನಿದ್ದೆ ಹೋದ. ಎಚ್ಚರಾದಾಗ ಬಯಲಿನಲ್ಲಿ ಒಂದು ನಾಯಿ ಬಿಟ್ಟು ಯಾರೂ ಇರಲಿಲ್ಲ.

ಮರುದಿನ ಸಂಜೆ ಅಕ್ಕ ರೊಟ್ಟಿ ಬಡಿಯುತ್ತ, "ಹೇಳೋ ಸೋಮ್ಯಾ, ಏನ್ ತೋರಿಸಿದ್ರು?" ಎಂದಳು.

ನಿದ್ದೆ ಹೋದೆ ಎಂದು ಹೇಳಲು ಅವನೇನು ಸಾಮಾನ್ಯ ಹುಡುಗನೇ? ಮೊದಲ ಸಾಲಿನಲ್ಲಿ ಕುರ್ಚಿ ಹಾಕಿ ಕೂಡಿಸಿದರು ಎಂದು ಶುರುಮಾಡಿ, ಹನ್ನೊಂದು ಸಂಜೆ ಎಳೆದ. ಚೀನೀ ಹೆಸರು ನೆನಪುಳಿದಿರಲಿಲ್ಲವಾಗಿ ದೋಣಿಯವಳು ಚೆನ್ನವ್ವ ಆದಳು, ಅವಳ ಗಂಡ ಬಾಳಪ್ಪನಾದ, ಜಪಾನಿನ ಅಧಿಕಾರಿ ಮೀಸಿ ಕ್ಯಾಪ್ಟನ್ ಆದ. ನದಿಯ ದಂಡೆಗೆ ಜೋಳದ ಹೊಲಗಳು ಬಂದವು. ಚೆನ್ನವ್ವನ ಎಡಗೈ ಏಟಿಗೆ ಮೂರು ಸೈನಿಕರು ಒಟ್ಟಿಗೇ ಉರುಳಿದರು. ಹನ್ನೊಂದನೇ ಸಂಜೆ ಬಾಳಪ್ಪ ದೋಣಿ ನಡೆಸಿಕೊಂಡು ದಂಡೆಗೆ ಬಂದ, ಚೆನ್ನವ್ವ ಅವನಿಗೆ ಬಿಸಿ ರೊಟ್ಟಿ ಬಡಿದು ಹಾಕಿದಳು. ಮುಗಿಯಿತು. ಇಷ್ಟರವರೆಗೆ ಇದು ಯಾವ ತಮ್ಮನಾದರೂ ಯಾವ ಅಕ್ಕನಿಗಾದರೂ ಹೇಳಬಹುದಾದ ಸುಳ್ಳು.

ಐವತ್ತೊಂಬತ್ತರಲ್ಲಿ ಶಾಂತವ್ವನ ಮದುವೆಯಾಯಿತು. ಗಂಡ ಮಿಲಿಟರಿಯವನು. ಮೂರು ವರ್ಷದಲ್ಲಿ ಅವನು ರಜೆಯ ಮೇಲೆ ಮನೆಯಲ್ಲಿದ್ದದ್ದು ಎಲ್ಲ ಕೂಡಿಸಿದರೂ ಒಂದು ವರ್ಷವಾಗಲಿಲ್ಲ. ಅರವತ್ತೆರಡರಲ್ಲಿ ಅಣ್ಣತಮ್ಮಂದಿರ ಜಗಳ ಶುರುವಾಗಿ ಅವನನ್ನು ಈಶಾನ್ಯದ ಗುಡ್ಡಗಳಿಗೆ ಕಳಿಸಿದರು. ಡಿಸೆಂಬರಿನಲ್ಲಿ ತಂತಿ ಬಂತು: ಕಾಣೆಯಾಗಿದ್ದಾರೆ, ಬದುಕಿರುವ ಸಂಭವ ಕಡಿಮೆ.

ಮೂರನೆಯ ದಿನ ನೆಂಟರ ಮುದುಕಿಯರು ಪಡಸಾಲೆಯಲ್ಲಿ ಕೂಡಿ, ಬಳೆ ಯಾವಾಗ ಒಡೆಯಬೇಕು ಎಂದು ಪಿಸುಗುಟ್ಟುತ್ತಿದ್ದಾಗ ಶಾಂತವ್ವ ತಮ್ಮನನ್ನು ಅಡುಗೆಮನೆಗೆ ಕರೆದು ಬಾಗಿಲು ಹಾಕಿದಳು. ಅವಳ ಕಣ್ಣಲ್ಲಿ ನೀರಿರಲಿಲ್ಲ.

"ಸೋಮ್ಯಾ, ಆ ದೋಣಿ ಚೆನ್ನವ್ವನ ಕಥಿ ಹೇಳು. ಪೂರಾ ಬ್ಯಾಡ. ಕಡೀದಷ್ಟ."

ಅವನು ಆಗ ಇಪ್ಪತ್ತೆರಡರ ಹುಡುಗ, ಹುಬ್ಬಳ್ಳಿಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದವನು. ಹೇಳಿದ. ಹಳೆಯದಕ್ಕೆ ಹೊಸದೂ ಸೇರಿಸಿದ. "ಊರಾಗ ಎಲ್ಲಾರೂ ಬಾಳಪ್ಪ ಸತ್ತ ಅಂದ್ರಕ್ಕಾ. ಕುಂಕುಮ ಒರಸ್ಕೋ ಅಂದ್ರು. ಚೆನ್ನವ್ವ ಒರಸ್ಕೊಳ್ಳಿಲ್ಲ. ಅದಕ್ಕ ಅಂವ ಬಂದ."

ಚೀನಾದ ಹೆಣ್ಣಿಗೆ ಕುಂಕುಮ ಎಲ್ಲಿಂದ ಬಂತು ಎಂದು ಅವಳೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಶಾಂತವ್ವ ಬಾಗಿಲು ತೆರೆದು ಹೊರಗೆ ಬಂದು, "ಹೆಣಾ ನೋಡೂತನಕ ನನ್ನ ಕೈ ಯಾರೂ ಮುಟ್ಟಬ್ಯಾಡ್ರಿ" ಎಂದಳು. ಯಾರೂ ಮುಟ್ಟಲಿಲ್ಲ. ಹೆಣ ಬರಲಿಲ್ಲ. ಪಿಂಚಣಿಯ ಕಾಗದ ಬಂದಾಗ, ಸತ್ತಿದ್ದಾರೆ ಎಂದು ನಾನು ಬರೆದುಕೊಡುವುದಿಲ್ಲ ಎಂದು ಅದನ್ನು ಹಿಂದಕ್ಕೆ ಕಳಿಸಿದಳು. ಟ್ರೇನಿಂಗ್ ಮುಗಿಸಿ ಮಾಸ್ತರಿಕೆ ಹಿಡಿದಳು. ಶಾಲೆಯ ಡ್ರಾಯಿಂಗ್ ಮಾಸ್ತರ, ಒಳ್ಳೆಯ ಮನುಷ್ಯ, ಉಡಿಕೆ, ಅಂದರೆ ಮರುಮದುವೆ, ಮಾಡಿಕೊಳ್ಳುತ್ತೇನೆ ಎಂದು ಹಿರಿಯರ ಮೂಲಕ ಕೇಳಿಸಿದ. ಉಡಿಕೆಗೆ ಅವರ ಪೈಕಿ ಅಡ್ಡಿಯೂ ಇರಲಿಲ್ಲ. ಶಾಂತವ್ವ ಒಲ್ಲೆ ಎಂದಳು. ಸೋಮಲಿಂಗಪ್ಪ ಅಮೆರಿಕದ ವಿಮಾನ ಹತ್ತಿದ. ಯಾರು ಕೇಳಿದರೂ ಓದಲು ಬಂದೆ ಎನ್ನುತ್ತಿದ್ದ.

ರಾಕ್‌ವಿಲ್‌ನಲ್ಲಿ ಅವನ ಪಕ್ಕದ ಮನೆಗೆ ಅದೇ ವರ್ಷ ಮಗನ ಜೊತೆ ಇರಲು ಬಂದಿದ್ದವರು ಲಿಯಾಂಗ್ ಎಂಬ ಚೀನೀ ಮುದುಕರು. ರಸಾಯನಶಾಸ್ತ್ರದ ನಿವೃತ್ತ ಮೇಷ್ಟ್ರು. ಬೇಲಿಯುದ್ದಕ್ಕೂ ಮೊಳದುದ್ದದ ಅಲಸಂದೆ ಬೆಳೆದಿದ್ದರು. ಶಾಂತವ್ವ ಬಂದಾಗ ಸೋಮಲಿಂಗಪ್ಪನ ಹೆಂಡತಿ ಶಿವಬಸಮ್ಮನಿಗೆ ಹೆದರಿಕೆ, ಅಕ್ಕಾರು ಚೀನಾದವರನ್ನು ಕಂಡು ಏನು ಮಾಡಿಯಾರೋ ಎಂದು. ಮೂರನೇ ದಿನ ನೋಡಿದರೆ ಶಾಂತವ್ವ ಬೇಲಿಯ ಮೇಲಿಂದ ಬದನೆಕಾಯಿ ಕೊಟ್ಟು ಅಲಸಂದೆ ಇಸಿದುಕೊಳ್ಳುತ್ತಿದ್ದಳು.

"ಅಂವ ಏನ್ ಮಾಡ್ಯಾನವಾ ಪಾಪ?" ಎಂದಳು ಶಿವಬಸಮ್ಮನಿಗೆ. "ಕಾಯಿ ಚಲೋ ಬೆಳದಾನ." ಆಮೇಲೆ ತಮ್ಮನ ಕಡೆ ತಿರುಗಿ, "ಸೋಮ್ಯಾ, ಅವರಿಗೆ ಕೇಳೋ, ದೋಣಿ ಚೆನ್ನವ್ವನ ಸಿನಿಮಾ ಗೊತ್ತೇನು ಅಂತ. ಸಾಯೂದ್ರಾಗ ಒಮ್ಮೆ ಕಣ್ಣಿಲೆ ನೋಡಬೇಕಂತ ಆಸೆ ಐತಿ."

ಸೋಮಲಿಂಗಪ್ಪನ ಕೈಯಲ್ಲಿದ್ದ ಚಾ ಲೋಟ ಅರ್ಧ ದಾರಿಯಲ್ಲಿ ನಿಂತಿತು. "ಅವರು ಚೀನಾದವರ ಅಲ್ಲಕ್ಕಾ. ಕೊರಿಯಾದವರು."

ಜುಲೈ ತಿಂಗಳು ಲಿಯಾಂಗ್ ಕೊರಿಯಾದವರಾಗಿದ್ದರು. ಆಗಸ್ಟಿನಲ್ಲಿ ಶಾಂತವ್ವ ಅವರ ಮನೆಯ ಗೋಡೆಯ ಮೇಲಿನ ಭೂಪಟ ನೋಡಿ ಬಂದು, ಭೂಗೋಳ ಕಲಿಸಿದವಳಿಗೆ ಹೇಳಬೇಡ ಎಂದಳು. ಆಗ ಅವರು ಚೀನಾದವರಾದರು, ಆದರೆ ಸಿನಿಮಾ ನೋಡದ ಮಠಸ್ಥ ಮನೆತನದವರಾದರು. ಸೆಪ್ಟೆಂಬರಿನಲ್ಲಿ ಆ ಸಿನಿಮಾದ ರೀಲುಗಳೆಲ್ಲ ಗೋದಾಮಿನ ಬೆಂಕಿಯಲ್ಲಿ ಸುಟ್ಟವು. ಆ ಗೋದಾಮು ಎಷ್ಟು ದೊಡ್ಡದೆಂದರೆ ಒಂದು ತುದಿ ಉರಿದು ಆರುವ ಹೊತ್ತಿಗೆ ಇನ್ನೊಂದು ತುದಿಯಲ್ಲಿ ಚಳಿಗಾಲ ಬಂದಿತ್ತು.

ಶಾಂತವ್ವ ಬೇರೆ ದಾರಿ ಹುಡುಕಿದಳು. ಅವಳನ್ನು ತರಕಾರಿ ಅಂಗಡಿಗೆ ಕರೆದೊಯ್ಯುತ್ತಿದ್ದ ಮೈಸೂರಿನ ನಳಿನಿಯನ್ನು ಹಿಡಿದಳು. ನಳಿನಿ ಎರಡು ಬೀದಿಯಾಚೆ ಇದ್ದವಳು, ಎಲ್ಲರಿಗೂ ಬೇಕಾದವಳು. ಅಕ್ಟೋಬರಿನ ಒಂದು ಮಧ್ಯಾಹ್ನ ಅವಳು ಬಾಗಿಲಿನಿಂದಲೇ ಕೂಗುತ್ತ ಬಂದಳು.

"ಅಂಕಲ್, ಗುಡ್ ನ್ಯೂಸ್! ಆಂಟಿ ಹೇಳಿದ ಸ್ಟೋರಿನ ಮಿಸ್ಟರ್ ಲಿಯಾಂಗ್‌ಗೆ ಎಕ್ಸ್‌ಪ್ಲೇನ್ ಮಾಡ್ದೆ. ದೋಣಿ, ಗಂಡ, ಡಕ್ಸ್ ಅಂತಿದ್ದ ಹಾಗೇ ಅವ್ರು ಸ್ಮೈಲ್ ಮಾಡ್ಬಿಟ್ರು. ಅಲ್ಲಿ ಎಲ್ರೂ ನೋಡಿರೋ ಪಿಕ್ಚರ್ ಅಂತೆ. ರಾಕ್‌ವಿಲ್ ಪೈಕ್‌ನಲ್ಲಿರೋ ಚೈನೀಸ್ ವಿಡಿಯೋ ಅಂಗಡೀಲಿ ಕ್ಯಾಸೆಟ್ ಇದ್ಯಂತೆ. ಸಂಡೇ ಅವ್ರ ಮನೇಲಿ ಹಾಕ್ತಾರೆ. ನೀವು ಟ್ರಾನ್ಸ್‌ಲೇಟ್ ಮಾಡ್ಬೇಕು. ಪ್ರಾಮಿಸ್ ಮಾಡಿದೀನಿ ನಾನು."

"ಯಾಕ್ರೀ, ಮಾರಿ ಹಂಗ್ಯಾಕಾತು?" ಎಂದಳು ಶಿವಬಸಮ್ಮ. "ಚೆನ್ನವ್ವನ ಎಡಗೈಲೆ ಏಟ ಬಿದ್ದಂಗ ಆಗೈತಿ."

ಶನಿವಾರ ಅವನು ಒಬ್ಬನೇ ಲಿಯಾಂಗರ ಮನೆಗೆ ಹೋದ. ಕೊನೆಯಲ್ಲಿ ಏನಾಗುತ್ತದೆ ಎಂದು ಇಂಗ್ಲಿಷಿನಲ್ಲಿ, ಹವಾಮಾನ ಕೇಳಿದ ಹಾಗೆ ಕೇಳಿದ.

ಲಿಯಾಂಗ್ ನಿಧಾನವಾಗಿ, ಪದ ಆರಿಸಿ ಆರಿಸಿ ಮಾತಾಡುವವರು. "ನಾಳೆ ನೋಡುವವರಿಗೆ ಇವತ್ತು ಕೊನೆ ಹೇಳಬಾರದು. ಅಲ್ಲದೆ ನೀವು ನೋಡಿದ್ದೀರಂತಲ್ಲ?"

"ನೋಡಿದ್ದೇನೆ. ಬಹಳ ದಿನವಾಯಿತು. ನಾಳೆ ಕ್ಯಾಸೆಟ್ ಸ್ವಲ್ಪ ಕೆಟ್ಟುಹೋಯಿತು ಅಂದರೆ? ಕೊನೆಯ ಅರ್ಧ ಗಂಟೆ?"

ಲಿಯಾಂಗ್ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡು ಅವನನ್ನು ನೋಡಿದರು. "ಕ್ಯಾಸೆಟ್ ಚೆನ್ನಾಗಿದೆ. ನಾನು ಹಾಕಿ ನೋಡಿದ್ದೇನೆ" ಎಂದರು.

ಭಾನುವಾರ ಮಧ್ಯಾಹ್ನ ಲಿಯಾಂಗರ ಬೇಸ್‌ಮೆಂಟಿನಲ್ಲಿ ಟಿವಿಯ ಮುಂದೆ ಮೂರು ಕುರ್ಚಿ. ಶಿವಬಸಮ್ಮ ನಳಿನಿಯ ಜೊತೆ ದಸರೆಯ ಗೊಂಬೆ ನೋಡಲು ಹೋಗಿದ್ದಳು. ನಡುವೆ ಸೋಮಲಿಂಗಪ್ಪ, ಅವನ ಬಲಕ್ಕೆ ಚೀನೀ ಭಾಷೆ, ಎಡಕ್ಕೆ ಕನ್ನಡ. ಲಿಯಾಂಗ್ ಇಂಗ್ಲಿಷಿನಲ್ಲಿ ಹೇಳಬೇಕು, ಅವನು ಅಕ್ಕನಿಗೆ ಹೇಳಬೇಕು. ಕುದಿಸಿದ ಶೇಂಗಾ ತುಂಬಿದ ಬಟ್ಟಲೊಂದನ್ನು ಲಿಯಾಂಗ್ ಎದುರಿಗಿಟ್ಟರು. ಶಾಂತವ್ವ ಒಳ್ಳೆಯ ಇಳಕಲ್ ಸೀರೆ ಉಟ್ಟು ಬಂದಿದ್ದಳು, ಮದುವೆಗೆ ಹೋಗುವವಳ ಹಾಗೆ.

ಕಪ್ಪು ಬಿಳುಪು ಚಿತ್ರ. ನದಿ, ಹುಟ್ಟು ಹಾಕುತ್ತಿರುವ ಹೆಂಗಸು.

"ಇಕೀನ ಏನು ಚೆನ್ನವ್ವ?" ಶಾಂತವ್ವ ಮುಂದೆ ಬಾಗಿದಳು. "ಎಷ್ಟ ಸಣ್ಣಾಕಿ ಅದಾಳಲ್ಲೋ! ಆನಿ ಹಂಗ ಅದಾಳ ಅಂದಿದ್ದಿ."

"ಆವಾಗ ದಪ್ಪ ಇದ್ಲಕ್ಕಾ."

"ಮೀಸಿ ಕ್ಯಾಪ್ಟನ್ ಯಾರು?"

ಅವನು ತೋರಿಸಿದ. ಕ್ಯಾಪ್ಟನ್ನನಿಗೆ ಮೂಗಿನ ಕೆಳಗೆ ಒಂದು ಕೂದಲಿರಲಿಲ್ಲ. ಶಾಂತವ್ವ ಶೇಂಗಾ ಸುಲಿಯುವುದನ್ನು ನಿಲ್ಲಿಸಿ ತಮ್ಮನ ಮುಖವನ್ನೇ ನೋಡಿದಳು. ಅಷ್ಟರಲ್ಲಿ ಪರದೆಯ ಮೇಲೆ ಹೆಂಗಸು ಒಬ್ಬ ಸೈನಿಕನಿಗೆ ಕಪಾಳಕ್ಕೆ ಹೊಡೆದಳು.

"ಬಲಗೈ" ಎಂದಳು ಶಾಂತವ್ವ. "ಇಕಿ ಎಡಚಿ ಅಲ್ಲ."

"ನಾ ಪರದೇ ಹಿಂದ ಕುಂತಿದ್ನೆಕ್ಕಾ. ಹತ್ತಿ ಅಂಡಿಗಿ ಮ್ಯಾಲೆ."

"ಮುಂದಿನ ಸಾಲಿನಾಗ ಕುರ್ಚಿ ಹಾಕಿ ಕುಂದ್ರಿಸಿದ್ರು ಅಂದಿದ್ದೆಲ್ಲೋ, ಭಾಡ್ಯಾ!"

ಅವಳು ನಕ್ಕಳು. ಲಿಯಾಂಗ್ ಕೂಡ, ಏನೆಂದು ತಿಳಿಯದೆ, ನಕ್ಕರು. ಕಥೆ ಸಾಗಿತು. ಗಂಡ ಗುಡ್ಡಕ್ಕೆ ಹೋದ. ಅವನು ಹೊರಟಾಗ ಒಂದು ಗುರುತು ಹೇಳಿಕೊಟ್ಟ: ನೀರುಕೋಳಿಯ ಹಾಗೆ ಎರಡು ಸಲ ಕೂಗಿದರೆ ನಾನು ಬಂದಿದ್ದೇನೆ ಎಂದರ್ಥ. ಸೋಮಲಿಂಗಪ್ಪ ಪದಕ್ಕೆ ಪದ ಹೇಳುತ್ತ ಹೋದ. ಆಮೇಲೆ ಬಾತುಕೋಳಿಗಳ ಹಿಂಡು ಬಂದು ನದಿ ದಾಟತೊಡಗಿತು. ನಲವತ್ತು ವರ್ಷದ ಹಿಂದೆ ಅವನ ರೆಪ್ಪೆ ಮುಚ್ಚಿದ್ದು ಇಲ್ಲಿ. ಬಾತುಗಳು ದಾಟಿದವು. ಇನ್ನು ಮುಂದಿನದು ಅವನಿಗೂ ಹೊಸದು.

ಮುಂಜಾವಿನ ಮಂಜು. ಸೈನಿಕರು ದೋಣಿ ಹತ್ತಿದರು, ಬಂದೂಕು ತೋರಿಸಿ ಆಚೆ ದಡಕ್ಕೆ ಒಯ್ಯಿ ಎಂದರು. ಆಚೆ ದಡದಲ್ಲಿ ಊರು ಮಲಗಿದೆ. ದೋಣಿ ನಡುನೀರಿಗೆ ಬಂದಾಗ ಮಂಜಿನೊಳಗಿನಿಂದ ನೀರುಕೋಳಿ ಎರಡು ಸಲ ಕೂಗಿತು.

"ಅವನು ಬಂದಿದ್ದಾನೆ" ಎಂದರು ಲಿಯಾಂಗ್. "ಆ ದಡದಲ್ಲಿದ್ದಾನೆ. ಅವಳಿಗಾಗಿ ಕಾಯುತ್ತಿದ್ದಾನೆ."

"ಬಂದಾನಕ್ಕಾ" ಎಂದ ಸೋಮಲಿಂಗಪ್ಪ. ಹಾಗಾದರೆ ನಾನು ಹೇಳಿದ್ದೇ ನಿಜವಾಯಿತಲ್ಲ!

ಹೆಂಗಸು ಓಗೊಡಲಿಲ್ಲ. ತಲೆಯನ್ನೂ ತಿರುಗಿಸಲಿಲ್ಲ. ದೋಣಿಯ ತಳದ ತೂತಿಗೆ ಬಡಿದಿದ್ದ ಬೆಣೆಯನ್ನು ಕಾಲಿನಿಂದ ಮೀಟಿ ತೆಗೆದಳು. ನೀರು ಉಕ್ಕಿತು. ಸೈನಿಕರು ಕಿರುಚಿದರು. ಮಂಜು ಎಲ್ಲವನ್ನೂ ಮುಚ್ಚಿತು.

"ಏನಾತು?" ಶಾಂತವ್ವನ ಕೈ ತಮ್ಮನ ಮಣಿಕಟ್ಟು ಹಿಡಿಯಿತು. "ಅಕಿಗೆ ಈಜು ಬರ್ತೈತಿಲ್ಲೋ? ಮೀನಿನಂಗ ಈಸ್ತಾಳ ಅಂದಿದ್ದೆಲ್ಲ?"

ಲಿಯಾಂಗ್ ಅವನಿಗಷ್ಟೇ ಕಾಣುವಂತೆ, ಇಲ್ಲ ಎಂದು ತಲೆಯಾಡಿಸಿದರು. ಒಂದು ಮಾತು ಸಾಕಿತ್ತು. ಈಸಿ ಬರುತ್ತಾಳೆ, ಇದರ ಎರಡನೇ ಭಾಗ ಬೇರೆ ಇದೆ, ಆ ಕ್ಯಾಸೆಟ್ ಸಿಗುವುದಿಲ್ಲ. ಮಾತು ನಾಲಿಗೆಯ ತುದಿಗೆ ಬಂದಿತ್ತು, ಬೆಣ್ಣೆಯ ಸಮೇತ. ಅಕ್ಕ ಅವನ ಬಾಯನ್ನೇ ನೋಡುತ್ತಿದ್ದಳು. ಅಂದು ಅಡುಗೆಮನೆಯಲ್ಲಿ ನೋಡಿದ್ದೂ ಹೀಗೇ.

"ಇಲ್ಲಕ್ಕಾ" ಎಂದ. "ಮುಳಗಿದ್ಲು. ಅವರನ್ನೂ ಮುಳಗಿಸಿ ತಾನೂ ಮುಳಗಿದ್ಲು. ಅಕಿ ಬರೂದಿಲ್ಲ."

ಪರದೆಯ ಮೇಲೆ ಗಂಡ ಸೊಂಟಮಟ್ಟ ನೀರಿನಲ್ಲಿ ನಿಂತು ಮತ್ತೆ ಎರಡು ಸಲ ಕೂಗಿದ. ಮಂಜು ಸರಿಯಿತು. ಬರೀ ನೀರು. ದೂರದ ತಿರುವಿನಲ್ಲಿ ಊರಿನ ಹೆಂಗಸರು ಒಬ್ಬೊಬ್ಬರಾಗಿ ಹೊಸ ದೋಣಿಗಳನ್ನು ನೀರಿಗೆ ನೂಕತೊಡಗಿದರು. ಚೀನೀ ಅಕ್ಷರ ಬಂದು ಚಿತ್ರ ಮುಗಿಯಿತು.

ಶಾಂತವ್ವ, "ಇದರ ಅರ್ಥ ಏನಂತ ಕೇಳು ಅವರಿಗೆ" ಎಂದಳು. ಮೇಷ್ಟ್ರಿಗೆ ಮೇಷ್ಟ್ರು ಕೇಳುವ ಪ್ರಶ್ನೆ.

"ಶಾಲೆಯಲ್ಲಿ ನಮಗೆ ಬರೆಸಿದ್ದು ಹೀಗೆ" ಎಂದರು ಲಿಯಾಂಗ್. "ಒಂದು ದೋಣಿ ಮುಳುಗಿದರೆ ನೂರು ದೋಣಿ ಏಳುತ್ತವೆ. ಒಬ್ಬಳು ಹೋದರೆ ದೇಶ ಉಳಿಯುತ್ತದೆ. ಪರೀಕ್ಷೆಯಲ್ಲಿ ಹಾಗೆ ಬರೆದರೆ ಪೂರ್ತಿ ಅಂಕ. ನನ್ನ ತಾಯಿಗೆ ಓದು ಬರುತ್ತಿರಲಿಲ್ಲ. ಅವಳು ಪ್ರತಿ ಸಲ ಮನೆಗೆ ಬಂದು ಒಂದೇ ಮಾತು ಕೇಳುತ್ತಿದ್ದಳು, ನೀರಲ್ಲಿ ನಿಂತಿದ್ದ ಆ ಹುಡುಗ ಇವತ್ತು ಎಲ್ಲಿ ಉಣ್ಣುತ್ತಾನೆ ಎಂದು. ನನ್ನ ಅಣ್ಣ ಜಪಾನಿನವರ ಯುದ್ಧಕ್ಕೆ ಹೋದವನು ಬಂದಿರಲಿಲ್ಲ."

ಸೋಮಲಿಂಗಪ್ಪ ಇದನ್ನು ಹೇಳಿದಾಗ ಶಾಂತವ್ವ ಮುದುಕರನ್ನು ಹೊಸದಾಗಿ ನೋಡುವವಳಂತೆ ನೋಡಿದಳು.

"ಅಂವನ್ನ ಇನ್ನೊಮ್ಮೆ ತೋರಸ್ರಿ ಅನ್ನು. ನೀರಾಗ ನಿಂತಾಂವನ್ನ."

ಲಿಯಾಂಗ್ ಕ್ಯಾಸೆಟ್ ಹಿಂದಕ್ಕೆ ಓಡಿಸಿದರು. ಮೂರು ಸಲ ಓಡಿಸಿದರು. ಮೂರನೆಯ ಸಲ ಅವನ ಮುಖದ ಮೇಲೆ ಚಿತ್ರ ನಿಲ್ಲಿಸಿದರು. ಅದು ಸಣ್ಣಗೆ ನಡುಗುತ್ತ ನಿಂತಿತು.

"ಅವರಿಗೆ ಹೇಳು, ಸೋಮ್ಯಾ. ನಮ್ಮವರೂ ಹೋಗ್ಯಾರ ಅಂತ. ಅರವತ್ತೆರಡರಾಗ. ನಿಮ್ಮ ಮಂದಿ ಕೂಡ ಕಾದಾಕ ಹೋಗಿ ಬಂದಿಲ್ಲ ಅಂತ."

"ಅದೆಲ್ಲಾ ಯಾಕ ಅಕ್ಕಾ..."

"ಇದ್ದದ್ದ ಇದ್ದಂಗ ಹೇಳು."

ಹೇಳಿದ. ಲಿಯಾಂಗ್ ಕುರ್ಚಿ ತಿರುಗಿಸಿ ಶಾಂತವ್ವನ ಎದುರಾಗಿ ಕುಳಿತರು. ನಂತರ ಅವಳ ಗಂಡನ ಹೆಸರೇನು ಎಂದು ಕೇಳಿದರು. ಗಂಡನ ಹೆಸರನ್ನು ಹೆಂಡತಿ ಬಾಯಿಂದ ಹೇಳುವ ರೂಢಿ ಇರಲಿಲ್ಲವಲ್ಲ, ಸೋಮಲಿಂಗಪ್ಪ ಎಂದಿನಂತೆ ತಾನೇ ಹೇಳಲು ಬಾಯಿ ತೆರೆದ.

"ಕಲ್ಮೇಶ" ಎಂದಳು ಶಾಂತವ್ವ.

"ಕಾಲುಮೇಷು" ಎಂದರು ಲಿಯಾಂಗ್.

"ಅಲ್ಲ. ಕಲ್ಮೇಶ."

"ಕಲು... ಮೇಸ."

"ಕ-ಲ್ಮೇ-ಶ." ಶಾಲೆಯ ಧ್ವನಿ ಅದು, ಮೊದಲ ಬೆಂಚಿನ ಹುಡುಗಿಗೆ ಹೇಳಿಕೊಡುವ ಹಾಗೆ. "ಕಲ್ಮೇಶ. ಇನ್ನೊಮ್ಮೆ ಅನ್ರಿ. ಕಲ್ಮೇಶ."

ಮುದುಕರು ಬಿಡದೆ ಪ್ರಯತ್ನಿಸಿದರು. ಅವರಿಗೆ ಸರಿಯಾಗಿ ಬರುವ ಹೊತ್ತಿಗೆ ಅವಳು ಆ ಹೆಸರನ್ನು ಎಂಟು ಸಲ ಹೇಳಿದ್ದಳು. ಸೋಮಲಿಂಗಪ್ಪ ಅದಕ್ಕೆ ಮುಂಚೆ ಅವಳ ಬಾಯಲ್ಲಿ ಅದನ್ನು ಒಮ್ಮೆಯೂ ಕೇಳಿರಲಿಲ್ಲ.

ಮರುದಿನ ಬೆಳಿಗ್ಗೆ ಅವನು ಕೆಲಸಕ್ಕೆ ರಜೆ ಹಾಕಿದ. ಶಾಂತವ್ವ ಸ್ನಾನ ಮಾಡಿ ಕನ್ನಡಿಯ ಮುಂದೆ ನಿಂತು ಎಂದಿನಂತೆ ಕುಂಕುಮ ಇಟ್ಟುಕೊಂಡಳು. ಕನ್ನಡಿಯಲ್ಲಿ ತಮ್ಮ ಕಾಣಿಸಿದ.

"ಏನ್ ನೋಡ್ತಿ? ನನ್ನ ಹಣಿ, ನನ್ನ ಕುಂಕುಮ."

ಅವನು ಅವಳನ್ನು ಕಾರಿನಲ್ಲಿ ಕೂಡ್ರಿಸಿಕೊಂಡು ಕ್ಲಾರ್ಕ್ಸ್‌ಬರ್ಗ್ ಕಡೆ ಹೊರಟ. ಆಗಿನ್ನೂ ಅಲ್ಲಿ ಹೊಲಗಳೇ ಹೆಚ್ಚು. ಮೆಕ್ಕೆಜೋಳ ಕೊಯ್ದು ಕೂಳೆ ನಿಂತಿತ್ತು. ಒಂದು ಸಣ್ಣ ಸೇತುವೆಯ ಹತ್ತಿರ ನಿಲ್ಲಿಸಿ, ಸ್ಟೀರಿಂಗ್ ಹಿಡಿದುಕೊಂಡೇ ಹೇಳಿದ.

"ಅಕ್ಕಾ, ಐವತ್ತಾರರಾಗ ಆ ಸಿನಿಮಾದ ಕಡೀದು ನಾ ನೋಡಿದ್ದಿಲ್ಲ. ನಿದ್ದಿ ಹತ್ತಿತ್ತು."

ಶಾಂತವ್ವ ನಗತೊಡಗಿದಳು. ಸೆರಗಿನಿಂದ ಕಣ್ಣೊರೆಸಿಕೊಳ್ಳುವಷ್ಟು ನಕ್ಕಳು. ನಗು ನಿಂತ ಮೇಲೆ ಕೇಳಿದಳು, "ಮತ್ತ ಅರವತ್ತೆರಡರಾಗ?"

"ಆವಾಗ ಎಚ್ಚರ ಇದ್ದೆ."

ಒಂದು ಟ್ರಕ್ಕು ಸೇತುವೆ ದಾಟಿ ಹೋಯಿತು. ಅವನು ಮುಂದುವರಿಸಿದ, "ನನ್ನ ಸುಳ್ಳಿನ ಮ್ಯಾಲೆ ನೀ ಮೂವತ್ನಾಕ ವರ್ಷ ಕುಂತಿ. ಆ ಡ್ರಾಯಿಂಗ್ ಮಾಸ್ತರ..."

"ಏ, ಬಾಯಿ ಮುಚ್ಚು" ಎಂದಳು ಅಕ್ಕ. ಈಗ ನಿಜವಾಗಿ ಸಿಟ್ಟು ಬಂದಿತ್ತು. "ಏನಂತ ತಿಳಕೊಂಡೀ ನಿನ್ನ? ಮ್ಯಾಟ್ರಿಕ್ ಕಲತಾಕಿ ನಾ ಆವಾಗ. ಚೀನಾದಾಗ ಕುಂಕುಮ ಇಡಾಂಗಿಲ್ಲಂತ ನನಗ ಗೊತ್ತಿದ್ದಿಲ್ಲೇನು? ಬಳಿ ಒಡೀಬಾರದು ಅಂತ ನಾನ ಮನಸಿನ್ಯಾಗ ನಿಶ್ಚೆ ಮಾಡಿದ್ದೆ. ಹೊರಗ ಆ ಮುದುಕ್ಯಾರ ಮುಂದ ನಿಂದ್ರಾಕ ಧೈರ್ಯ ಬೇಕಿತ್ತು. ಅದಕ್ಕ ಕಥಿ ಹೇಳಂದೆ. ನೀ ಬರೇ ಚಾ ಕೊಟ್ಟಂಗ ಕೊಟ್ಟಿ. ಡ್ರಾಯಿಂಗ್ ಮಾಸ್ತರ ಚಲೋ ಮನಶಾ. ನನಗ ಬ್ಯಾಡಾಗಿದ್ದ. ಮೂವತ್ನಾಕ ವರ್ಷ ನಂದು, ನಿಂದಲ್ಲ."

ಸೋಮಲಿಂಗಪ್ಪನಿಗೆ ಹಗುರಾಗಬೇಕಿತ್ತು. ಆದರೆ ಕೈಯಲ್ಲಿದ್ದುದನ್ನು ಯಾರೋ ಕಿತ್ತುಕೊಂಡ ಹಾಗಾಯಿತು. ಅಷ್ಟು ವರ್ಷ ಹೊತ್ತ ಭಾರ ತನ್ನದೇ ಅಲ್ಲವೆಂದರೆ ಮನುಷ್ಯ ಕೈ ಎಲ್ಲಿಟ್ಟುಕೊಳ್ಳಬೇಕು?

ಶಾಂತವ್ವ ಕಿಟಕಿಯ ಆಚೆ ನೋಡುತ್ತಿದ್ದಳು. ಧ್ವನಿ ಇಳಿದಿತ್ತು.

"ನಿನ್ನಿ ಒಂದು ಹೊಸಾದು ಹೊಕ್ಕೈತಿ ತಲ್ಯಾಗ. ಇಷ್ಟ ದಿನಾ ನಾ ದಂಡಿ ಮ್ಯಾಲೆ ನಿಂತೇನಿ, ಅವರು ನೀರಾಗಿಂದ ಬರಬೇಕು ಅನಕೊಂಡಿದ್ದೆ. ಅವರೂ ಎಲ್ಲೋ ದಂಡಿ ಮ್ಯಾಲೆ ನಿಂತು ಕೂಗಾಕ ಹತ್ತಿದ್ರ? ಅವರಿಗೆ ಇಪ್ಪತ್ತೇಳು. ಅಲ್ಲೇ ನಿಂತಾರ. ನೋಡೂದು ಇಪ್ಪತ್ನಾಕರ ಹುಡಿಗೀನ್ನ. ಈ ಬಿಳಿ ತಲಿ ತಗೊಂಡು ನಾ ಹೋದ್ರ ಗುರುತ ಹಿಡೀತಾರೇನು?"

ಅವನು ಸ್ಟೀರಿಂಗಿನ ಮೇಲಿಂದ ಕೈ ತೆಗೆದ.

"ಇನ್ನೊಂದು ಹೇಳ್ಲಿ? ಅವರ ಮಾರಿ ಮರೀಲಿಕ್ಕೆ ಹತ್ತೇತಿ ನನಗ. ಒಂದ ಫೋಟೋ, ಅದೂ ಬೆಳ್ಳಗಾಗೇತಿ. ನಿನಗ ಏನರ ನೆನಪೈತೇನು? ಖರೇದಷ್ಟ ಹೇಳು. ಒಂದು ಅಕ್ಷರ ಕೂಡಸಬ್ಯಾಡ."

ಸೋಮಲಿಂಗಪ್ಪ ಹುಡುಕಿದ. ಮಾವ ಕಲ್ಮೇಶನ ಬಗ್ಗೆ ಅವನು ಪಿಕ್‌ನಿಕ್ಕುಗಳಲ್ಲಿ ಹೇಳಿದ ಸಾಹಸಗಳು ಎಷ್ಟೋ, ಬರಿಗೈಯಲ್ಲಿ ಚಿರತೆ ಓಡಿಸಿದ್ದು, ರೈಲಿಗಿಂತ ಮುಂಚೆ ಹುಬ್ಬಳ್ಳಿ ಮುಟ್ಟಿದ್ದು. ಅವನ್ನೆಲ್ಲ ಒಂದೊಂದಾಗಿ ತೆಗೆದು ಪಕ್ಕಕ್ಕಿಟ್ಟ. ತಳದಲ್ಲಿ ಒಂದೇ ಉಳಿದಿತ್ತು, ಯಾರಿಗೂ ಎಂದೂ ಹೇಳದ್ದು.

"ಮಾವ ಹಲ್ಲಿಗೆ ಅಂಜತಿದ್ದ."

"ಹಲ್ಲಿಗೆ?"

"ಹಲ್ಲಿಗೆ. ಅರವತ್ತರಾಗ ರಜಾಕ್ಕ ಬಂದಾಗ, ನಮ್ಮ ನಡುಮನಿಯೊಳಗ. ಯೂನಿಫಾರ್ಮ್ ಹಾಕ್ಕೊಂಡು ಮಂಚದ ಮ್ಯಾಲೆ ಹತ್ತಿ ನಿಂತಿದ್ದ. ಗ್ವಾಡಿ ಮ್ಯಾಲೆ ಇಷ್ಟುದ್ದದ ಹಲ್ಲಿ..." ಎಂದು ಎರಡೂ ಕೈ ಚಾಚಿದ. ಅಕ್ಕ ನೋಡಿದಳು. ಅವನು ಕೈಗಳನ್ನು ಹತ್ತಿರ ತಂದ, ಇನ್ನೂ ಹತ್ತಿರ, ಬೆರಳಿನಷ್ಟಕ್ಕೆ. "ಇಷ್ಟ. ನಾ ಕಸಬರಗಿ ತಂದು ಓಡಿಸಿದೆ. ಮಾವ ಇಳಿದು, ನನ್ನ ಕೈ ಮ್ಯಾಲೆ ಕೈ ಇಟ್ಟು ಆಣಿ ಮಾಡಿಸ್ಕೊಂಡ, ಯಾರಿಗೂ ಹೇಳಾಂಗಿಲ್ಲ ಅಂತ. ನಾ ಇವತ್ತಿನ ತನಕ ಹೇಳಿಲ್ಲಕ್ಕಾ."

ಶಾಂತವ್ವನ ಮುಖದಲ್ಲಿ ಇಪ್ಪತ್ತೆರಡರ ಹುಡುಗಿಯೊಬ್ಬಳು ಹಾದುಹೋದಳು. "ನನಗೂ ಹೇಳಿಲ್ಲಲ್ಲೋ ಅವರು! ಏನಂದ್ರು ಆಣಿ ಮಾಡಿಸುವಾಗ?"

"ಮುಖ್ಯ ಅಕಿಗೆ ಹೇಳಬ್ಯಾಡ ಅಂದ."

"ಅಕಿಗೆ ಅಂದ್ರ? ಹೆಸರ ಹಿಡದು ಅಂದ್ರೇನು? ಶಾಂತವ್ವ ಅಂದ್ರೋ, ಬ್ಯಾರೆ ಏನರ ಅಂದ್ರೋ?"

ಅವಳು ಪೂರ್ತಿ ಅವನ ಕಡೆ ತಿರುಗಿ ಕುಳಿತಿದ್ದಳು. ಅವಳಿಗೆ ಯಾವ ಉತ್ತರ ಬೇಕಾಗಿದೆ ಎಂದು ಊಹಿಸುವುದು ಕಷ್ಟವಿರಲಿಲ್ಲ. ಅಂಥ ನಾಲ್ಕು ಮುದ್ದಿನ ಹೆಸರುಗಳು ಅವನ ಬಾಯಿಗೆ ಬಂದವು. ಅವನು ನೆನಪಿನ ಆ ನಡುಮನೆಗೆ ಮತ್ತೆ ಹೋಗಿ, ಮಂಚದ ಹತ್ತಿರ ನಿಂತು, ಕಿವಿಗೊಟ್ಟ. ಮಾವನ ತುಟಿ ಅಲುಗಿದ್ದು ಕಂಡಿತು. ಸದ್ದು ಬರಲಿಲ್ಲ.

"ನೆನಪಿಲ್ಲಕ್ಕಾ."

"ನೆನಪಿಲ್ಲ" ಎಂದಳು ಅವಳೂ, ತಲೆಯಾಡಿಸಿ. ಹೊಲದ ಆಚೆ ಯಾರೋ ಟ್ರ್ಯಾಕ್ಟರ್ ಶುರುಮಾಡಿದರು. ಅದು ದೂರ ಹೋಗುವತನಕ ಅವಳು ಕಾದಳು.

"ಮನ್ಯಾಗ ಯಾರೂ ಇಲ್ಲದಾಗ ಶಾಂತೀ ಅಂತಿದ್ರು" ಎಂದಳು. "ಶಾಂತೀ, ನೀರ ಕೊಡು. ಶಾಂತೀ, ಇಲ್ಲಿ ಬಾ. ಹಂಗ."